ಬೇಲಿ ದಾಟುವವರು

ಕೇಳುಗರಿಗೆ ನಮಸ್ಕಾರ.

ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಹಿತ್ತಲಿನ ಗುಲಾಬಿ ಗಿಡದಲ್ಲಿ ಒಂದು ಮೊಗ್ಗೂ ಇರಲಿಲ್ಲ. ಹಿಂದಿನ ಸಂಜೆ ಎಣಿಸಿ ಖುಷಿಪಟ್ಟಿದ್ದೆ. ಬಗ್ಗಿ ನೋಡಿದೆ. ದಂಟಿನ ತುದಿ ಹರಿದುಹೋದ ಹಾಗೆ, ನಾರು ನಾರಾಗಿತ್ತು. ಮೊಲ ತಿಂದಿದ್ದರೆ ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದಂತೆ ನುಣುಪಾಗಿರುತ್ತದೆ. ಜಿಂಕೆಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳಿಲ್ಲ. ಅದು ಕಚ್ಚಿ ಎಳೆಯುತ್ತದೆ, ಹರಿಯುತ್ತದೆ. ಬಂದವರು ಯಾರೆಂದು ಗೊತ್ತಾಯಿತು. ರೋ ಎಂಬ ಚಿಕ್ಕ ಜಾತಿಯ ಜಿಂಕೆ. ಬೇಲಿಯಾಚೆಯ ಕಾಡಿನಿಂದ ಬಂದಿತ್ತು.

ನಾನಿರುವುದು ದಕ್ಷಿಣ ಇಂಗ್ಲೆಂಡಿನಲ್ಲಿ, ಕೆಂಟ್ ಮತ್ತು ಸಸೆಕ್ಸ್ ಸೀಮೆಗಳಲ್ಲಿ ಹಬ್ಬಿರುವ ವೀಲ್ಡ್ ಎಂಬ ಪ್ರದೇಶದಲ್ಲಿ. ಮನೆ ಚಿಕ್ಕದು. ಹಿಂದೆ ಹೂವು, ತರಕಾರಿ, ಹಣ್ಣಿನ ಗಿಡ ಎಲ್ಲ ಒಟ್ಟೊಟ್ಟಿಗೆ ಬೆಳೆದ ಹಿತ್ತಲು. ಇಲ್ಲಿಯವರು ಅದನ್ನು ಕಾಟೇಜ್ ಗಾರ್ಡನ್ ಅನ್ನುತ್ತಾರೆ. ಹಿತ್ತಲ ಕೊನೆಗೆ ಹೇಜಲ್ ಎಂಬ, ಗಟ್ಟಿ ಸಿಪ್ಪೆಯ ಕಾಯಿ ಬಿಡುವ ಗಿಡಗಳ ಬೇಲಿ. ಬೇಲಿ ಮುಗಿದಲ್ಲಿಂದ ಕಾಡು.

ಅದು ಹಳೆಯ ಕಾಡು. ಇಲ್ಲಿ ಆ ಮಾತಿಗೆ ಒಂದು ಲೆಕ್ಕವೇ ಇದೆ. ಕನಿಷ್ಠ 1600ನೇ ಇಸವಿಯಿಂದ ಇವತ್ತಿನವರೆಗೆ ಎಡೆಬಿಡದೆ ಕಾಡಾಗಿಯೇ ಉಳಿದಿರುವ ಜಾಗವನ್ನು ಇಂಗ್ಲೆಂಡಿನಲ್ಲಿ ಪ್ರಾಚೀನ ಕಾಡು ಎಂದು ಗುರುತಿಸುತ್ತಾರೆ. ಸ್ಕಾಟ್ಲೆಂಡಿನಲ್ಲಿ 1750ರಿಂದ ಲೆಕ್ಕ. ಬ್ರಿಟನ್ನಿನ ನೆಲದಲ್ಲಿ ಇಂಥ ಕಾಡು ಈಗ ಶೇಕಡಾ ಎರಡೂವರೆಯಷ್ಟು ಮಾತ್ರ ಉಳಿದಿದೆ. ಹಳೆಯದು ಅಂದರೆ ಎಲ್ಲಾ ಮರಗಳಿಗೂ ನಾನೂರು ವರ್ಷ ಆಗಿದೆ ಅಂತಲ್ಲ. ಸೌದೆಗೆ, ಬೇಲಿಗೆ, ಬುಟ್ಟಿಗೆ ಅಂತ ಜನ ಇಲ್ಲಿ ಮರ ಕಡಿಯುತ್ತಲೇ ಬಂದಿದ್ದಾರೆ. ಹೇಜಲ್ ಅನ್ನು ಬುಡದ ತನಕ ಕಡಿದರೂ ಮತ್ತೆ ಚಿಗುರುತ್ತದೆ. ಇಲ್ಲಿ ನಿಜವಾಗಿ ಹಳೆಯದು ಮಣ್ಣು. ನೇಗಿಲು ಕಾಣದ ಮಣ್ಣು. ಅದರೊಳಗಿನ ಬೂಷ್ಟು, ಗೆಡ್ಡೆ, ಹುಳುಗಳು. ವುಡ್ ಅನೆಮೊನಿ ಅಂತ ಒಂದು ಬಿಳಿ ಹೂವಿನ ಗಿಡ ಇದೆ. ಅದು ನೂರು ವರ್ಷಕ್ಕೆ ಆರಡಿಯಷ್ಟು ಮಾತ್ರ ಹಬ್ಬುತ್ತದೆ. ಕಾಡಿನೊಳಗೆ ಅದರ ಹಾಸು ಕೋಣೆಯಷ್ಟು ಅಗಲ ಇದ್ದರೆ, ಅದು ಎಷ್ಟು ತಲೆಮಾರು ಅಲ್ಲಿ ಕೂತಿರಬೇಕು ನೀವೇ ಯೋಚಿಸಿ.

ಇಂಥ ಕಾಡಿನ ಪಕ್ಕದಲ್ಲಿ ಮನೆ ಮಾಡಿದಾಗ ನಾನು ಮೊದಲು ಕೇಳಿದ ಪ್ರಶ್ನೆ, ಕಾಡನ್ನು ಹಿತ್ತಲಿನಿಂದ ಆಚೆ ಇಡುವುದು ಹೇಗೆ ಅಂತ. ಗುಲಾಬಿಗೆ ಬಲೆ ಕಟ್ಟಿದೆ. ಅದು ಈಗಲೂ ಇದೆ, ತಪ್ಪೇನಲ್ಲ. ಆದರೆ ಪ್ರಶ್ನೆ ಮಾತ್ರ ತಿರುವುಮುರುವಾಗಿತ್ತು ಎಂದು ತಿಳಿಯಲು ಕೆಲವು ವರ್ಷ ಬೇಕಾಯಿತು.

ಅದನ್ನು ಮೊದಲು ಕಲಿಸಿದ್ದು ಬ್ಲೂ ಟಿಟ್ ಎಂಬ ಪುಟ್ಟ ಹಕ್ಕಿ. ಗೋಡೆಗೆ ಒಂದು ಗೂಡಿನ ಪೆಟ್ಟಿಗೆ ಹೊಡೆದಿದ್ದೆ. ಬಾಗಿಲಿನ ತೂತು 25 ಮಿಲಿಮೀಟರ್. ಅದಕ್ಕಿಂತ ದೊಡ್ಡದಾದರೆ ಬೇರೆ ಹಕ್ಕಿಗಳು ಬಂದು ಕೂರುತ್ತವೆ. ತೂತಿನ ಸುತ್ತ ತಗಡಿನ ಪಟ್ಟಿಯೂ ಬೇಕು, ಇಲ್ಲದಿದ್ದರೆ ಮರಕುಟಿಗ ಕುಟ್ಟಿ ಅಗಲ ಮಾಡಿ ಮರಿಗಳನ್ನು ಎತ್ತಿಕೊಂಡು ಹೋಗುತ್ತದೆ. ಮೇ ತಿಂಗಳಲ್ಲಿ ಅಡುಗೆಮನೆ ಕಿಟಕಿಯಿಂದ ನೋಡುತ್ತಾ ಕೂತರೆ ಸಮಯ ಹೋಗಿದ್ದೇ ತಿಳಿಯುವುದಿಲ್ಲ. ಗಂಡು ಹೆಣ್ಣು ಎರಡೂ ಹೋಗಿ ಬಂದು, ಹೋಗಿ ಬಂದು, ಬಾಯಲ್ಲಿ ಒಂದೊಂದು ಹಸಿರು ಹುಳು. ಒಂದು ಮರಿಗೆ ದಿನಕ್ಕೆ ನೂರರವರೆಗೂ ಹುಳು ಬೇಕಾಗುತ್ತದೆ. ಗೂಡಿನಲ್ಲಿ ಎಂಟು ಹತ್ತು ಮರಿ. ಮರಿ ಹಾರಲು ಮೂರು ವಾರ ಹತ್ತಿರ. ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ, ಅಲ್ವಾ?

ಆ ಹುಳುಗಳನ್ನು ಅವು ಎಲ್ಲಿಂದ ತರುತ್ತಿದ್ದವು? ನಮ್ಮ ಹೂವಿನ ಮಡಿಯಿಂದ ಅಲ್ಲ. ಪ್ರತಿ ಸಲವೂ ಬೇಲಿ ದಾಟಿ ಓಕ್ ಮರಗಳ ತುದಿಗೆ ಹಾರುತ್ತಿದ್ದವು. ಓಕ್ ಎಲೆ ಎಳೆಯದಾಗಿರುವ ಕೆಲವೇ ವಾರ ಅಲ್ಲಿ ಪತಂಗದ ಹುಳುಗಳು ತುಂಬಿರುತ್ತವೆ. ಮೊಟ್ಟೆ ಒಡೆಯುವ ಹೊತ್ತಿಗೆ ಹುಳುವೂ ಸಿಗಬೇಕು. ವಸಂತ ಬೇಗ ಬೆಚ್ಚಗಾದ ವರ್ಷ ಎಲೆ ಬೇಗ ಬಿಡುತ್ತದೆ, ಹುಳುವೂ ಬೇಗ ಬರುತ್ತದೆ, ಹಕ್ಕಿ ಹಿಂದೆ ಬೀಳುತ್ತದೆ. ನಾನು ಕೊಟ್ಟಿದ್ದು ಸುಮ್ನೆ ಒಂದು ಪೆಟ್ಟಿಗೆ. ಸಂಸಾರ ಸಾಕಿದ್ದು ಕಾಡು.

ರಾತ್ರಿ ಬರುವವರು ಬೇರೆ. ಕೆಲವು ದಿನ ಹುಲ್ಲುಹಾಸು ಯಾರೋ ಗುದ್ದಲಿ ಹಿಡಿದು ಕೆದಕಿದಂತಿರುತ್ತದೆ. ಅದು ಬ್ಯಾಜರ್ ಕೆಲಸ. ಕಪ್ಪು ಬಿಳಿ ಪಟ್ಟೆಯ ಮುಖ, ಗಿಡ್ಡ ಕಾಲು, ಬಲವಾದ ಉಗುರು. ಮುಖ್ಯವಾಗಿ ಎರೆಹುಳು ತಿಂದು ಬದುಕುವ ಪ್ರಾಣಿ. ಅದರ ಬಿಲಕ್ಕೆ ಇಲ್ಲಿ 1992ರ ಕಾನೂನಿನ ರಕ್ಷಣೆ ಇದೆ, ಪರವಾನಗಿ ಇಲ್ಲದೆ ಯಾರೂ ಕೈ ಹಾಕುವಂತಿಲ್ಲ. ಹುಲ್ಲು ಮತ್ತೆ ಬೆಳೆಯುತ್ತದೆ, ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ನನ್ನ ಚಿಂತೆ ಹೆಜ್‌ಹಾಗ್ ಬಗ್ಗೆ. ಮೈಮೇಲೆ ಮುಳ್ಳಿದ್ದರೂ ಇದು ನಾವು ಮುಳ್ಳುಹಂದಿ ಅನ್ನುವ ಪ್ರಾಣಿ ಅಲ್ಲ, ಎರಡು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಬ್ಯಾಜರ್ ತಿನ್ನುವ ಹುಳುಗಳನ್ನೇ ಇದೂ ತಿನ್ನುತ್ತದೆ. ಸಿಕ್ಕರೆ ಬ್ಯಾಜರ್ ಇದನ್ನೂ ತಿನ್ನುತ್ತದೆ. ಅದಕ್ಕೇ ಬೇಲಿಯ ಬುಡವನ್ನು ದಟ್ಟವಾಗಿ ಬಿಟ್ಟಿದ್ದೇನೆ, ಒಣ ಎಲೆ ಗುಡಿಸುವುದಿಲ್ಲ. ಪಕ್ಕದ ಮನೆಯ ಹಲಗೆ ಗೋಡೆಯಲ್ಲಿ 13 ಸೆಂಟಿಮೀಟರ್ ಚೌಕದ ಒಂದು ಕಿಂಡಿ ಮಾಡಿಸಿದ್ದೇವೆ. ಹೆಜ್‌ಹಾಗ್ ನುಸುಳಲು ಅಷ್ಟು ಸಾಕು. ಹಾಲು ಇಡಬೇಡಿ, ಅದಕ್ಕೆ ಹಾಲು ಜೀರ್ಣವಾಗುವುದಿಲ್ಲ. ನೀರಿಟ್ಟರೆ ಸಾಕು.

ಹೇಜಲ್ ಬೇಲಿಯ ಕೆಳಗೆ ಒಮ್ಮೆ ಒಂದು ಕಾಯಿ ಸಿಕ್ಕಿತು. ಅದರಲ್ಲೊಂದು ದುಂಡನೆಯ ತೂತು, ಒಳಅಂಚು ತಿರುಗಿಸಿ ಕೊರೆದಂತೆ ನುಣ್ಣಗೆ. ಅಳಿಲಾದರೆ ಕಾಯನ್ನು ಒಡೆದು ಎರಡು ಹೋಳು ಮಾಡುತ್ತದೆ. ಇದು ಡಾರ್‌ಮೌಸ್ ಗುರುತು. ಹೊನ್ನಿನ ಬಣ್ಣದ, ಗುಬ್ಬಚ್ಚಿಗಿಂತ ಹಗುರಾದ ಪ್ರಾಣಿ. ವರ್ಷದಲ್ಲಿ ಆರು ತಿಂಗಳ ಹತ್ತಿರ ನಿದ್ದೆ. ನಾನು ಇನ್ನೂ ಕಣ್ಣಾರೆ ಕಂಡಿಲ್ಲ. ಎಚ್ಚರ ಇರುವಾಗ ಅದು ನೆಲಕ್ಕೆ ಇಳಿಯುವುದೇ ಅಪರೂಪ, ಕೊಂಬೆಯಿಂದ ಕೊಂಬೆಗೆ ಹೋಗುತ್ತದೆ. ಬೇಲಿ ತುಂಡಾದರೆ ಅದಕ್ಕೆ ದಾರಿಯೇ ತುಂಡಾದಂತೆ. ಆ ಕಾಯಿ ಸಿಕ್ಕ ಮೇಲೆ ನಾನು ಪ್ರತಿ ವರ್ಷ ಬೇಲಿ ಸವರುವುದನ್ನು ಬಿಟ್ಟೆ. ಮೂರು ಭಾಗ ಮಾಡಿ, ವರ್ಷಕ್ಕೆ ಒಂದೇ ಭಾಗ ಸವರುತ್ತೇನೆ. ಹಳೆಯ ಕೊಂಬೆಯಲ್ಲಿ ತಾನೇ ಕಾಯಿ ಬಿಡುವುದು.

ಈಗ ನಾನು ಮಾಡಿದ ತಪ್ಪಿನ ವಿಷಯ ಹೇಳಬೇಕು. ಈ ಮಾತು ಹೇಳಲಿಕ್ಕೆಂದೇ ನಾನು ಇವತ್ತು ಮೈಕಿನ ಮುಂದೆ ಕೂತಿದ್ದು.

ಏಪ್ರಿಲ್ ಕೊನೆಗೆ ಈ ಕಾಡಿನ ನೆಲವೆಲ್ಲ ನೀಲಿಯಾಗುತ್ತದೆ. ಬ್ಲೂಬೆಲ್ ಹೂವು. ಪ್ರಪಂಚದಲ್ಲಿರುವ ಈ ಜಾತಿಯ ಗಿಡಗಳಲ್ಲಿ ಅರ್ಧದಷ್ಟು ಬ್ರಿಟನ್ನಿನಲ್ಲೇ ಇವೆ. ಬೀಜದಿಂದ ಹೂವಾಗಲು ಐದು ವರ್ಷವಾದರೂ ಬೇಕು. ಅದನ್ನು ನೋಡಿ ಆಸೆಯಾಯಿತು. ಒಂದು ನರ್ಸರಿಯಿಂದ ಬ್ಲೂಬೆಲ್ ಎಂದು ಚೀಟಿ ಅಂಟಿಸಿದ್ದ ಗೆಡ್ಡೆ ತಂದು ಬೇಲಿಯುದ್ದಕ್ಕೂ ನೆಟ್ಟೆ. ಚೆನ್ನಾಗಿ ಬಂದವು, ತುಂಬಾ ಚೆನ್ನಾಗಿ. ಎರಡು ವಸಂತ ಕಳೆದ ಮೇಲೆ ಪಕ್ಕದ ಮನೆಯ ಅಜ್ಜಿ ಬೇಲಿ ಹತ್ತಿರ ನಿಂತು, ಇವು ನಮ್ಮ ಕಾಡಿನವಲ್ಲವಲ್ಲ ಎಂದರು. ಕಾಡಿನ ಬ್ಲೂಬೆಲ್ ದಂಟು ಒಂದು ಕಡೆಗೆ ಬಾಗಿರುತ್ತದೆ, ಹೂಗಳೆಲ್ಲ ಆ ಕಡೆಗೇ ಜೋತಿರುತ್ತವೆ, ಒಳ್ಳೆಯ ಪರಿಮಳ. ನಾನು ನೆಟ್ಟಿದ್ದು ಸ್ಪೇನಿನ ಜಾತಿ. ದಂಟು ನೆಟ್ಟಗೆ, ಸುತ್ತಲೂ ಹೂವು, ಬಣ್ಣ ಪೇಲವ, ಪರಿಮಳ ಇಲ್ಲವೆನ್ನುವಷ್ಟು ಕಡಿಮೆ. ಎರಡೂ ಸುಲಭವಾಗಿ ಬೆರೆಯುತ್ತವೆ. ಜೇನು, ಬಂಬಲ್‌ಬೀಗಳಿಗೆ ಬೇಲಿ ಲೆಕ್ಕವಿಲ್ಲ. ನನ್ನ ಹೂವಿನ ಪರಾಗ ಆಚೆ ಹೋದರೆ, ಮುಂದಿನ ತಲೆಮಾರಿನ ಬ್ಲೂಬೆಲ್ ಅರ್ಧ ಕಾಡಿನದು, ಅರ್ಧ ನನ್ನ ನರ್ಸರಿಯದು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಜಿಂಕೆ ನಮ್ಮ ಕಡೆ ಬಂದು ತಿಂದು ಹೋಗಿದ್ದು ಒಂದು ಋತುವಿನ ಮೊಗ್ಗು. ನಾನು ಆ ಕಡೆ ಕಳಿಸುತ್ತಿದ್ದುದು ನಾನೂರು ವರ್ಷದಲ್ಲಿ ಆಗದ ಬದಲಾವಣೆ. ಬೇಲಿಯ ಮೇಲಿಂದ ಹಿತ್ತಲಿನ ಕಸ ಆಚೆ ಎಸೆಯುವವರೂ ಇದ್ದಾರೆ. ಹೇಗೂ ಕೊಳೆಯುತ್ತದೆ ಬಿಡಿ ಅಂತಾರೆ. ಆ ಕಸದಲ್ಲೇ ಇಂಥ ಗೆಡ್ಡೆ, ಬೇರು ಹೋಗಿ ಕಾಡಿನೊಳಗೆ ಹಬ್ಬುತ್ತವೆ. ರಾತ್ರಿಯೆಲ್ಲ ಉರಿಯುವ ಹಿತ್ತಲ ದೀಪವೂ ಹಾಗೆಯೇ. ಬಾವಲಿಗಳಲ್ಲಿ ಕೆಲವು ಜಾತಿ ಬೆಳಕಿನತ್ತ ಸುಳಿಯುವುದೇ ಇಲ್ಲ. ನಮ್ಮ ದೀಪ ಈಗ ಆರಿದೆ.

ಸ್ಪೇನಿನ ಗೆಡ್ಡೆಗಳನ್ನು ಆ ವರ್ಷವೇ ಅಗೆಯಲು ಶುರು ಮಾಡಿದೆ. ಎಲೆ ಹಸಿರಾಗಿರುವಾಗಲೇ ಅಗೆಯಬೇಕು, ಆಮೇಲೆ ಎಲ್ಲಿವೆ ಅಂತಲೇ ಕಾಣುವುದಿಲ್ಲ. ಆಳಕ್ಕೆ ಇಳಿದಿರುತ್ತವೆ. ಅಗೆದ ಗೆಡ್ಡೆಯನ್ನು ಗೊಬ್ಬರದ ಗುಂಡಿಗೆ ಹಾಗೇ ಹಾಕಿದರೆ ಅಲ್ಲೇ ಚಿಗುರುತ್ತದೆ. ಕಪ್ಪು ಚೀಲದಲ್ಲಿ ಕಟ್ಟಿಟ್ಟು ಪೂರ್ತಿ ಸತ್ತ ಮೇಲೆ ಹಾಕಬೇಕು. ಕಾಡಿನ ಗೆಡ್ಡೆ ತಂದು ಆ ಜಾಗಕ್ಕೆ ನೆಡೋಣ ಅಂದರೆ ಅದೂ ಆಗದು. ಮಾಲೀಕರ ಒಪ್ಪಿಗೆ ಇಲ್ಲದೆ ಅಗೆಯುವುದು 1981ರ ಕಾನೂನಿನ ಪ್ರಕಾರ ಅಪರಾಧ. ಅಗೆಯುವ ಮನಸ್ಸೂ ಇಲ್ಲ.

ಈ ವಸಂತದಲ್ಲೂ ಏಳು ದಂಟು ತಲೆ ಎತ್ತಿದ್ದವು. ಮೊಣಕಾಲೂರಿ ಅಗೆಯುತ್ತಿದ್ದೆ. ಒಂದು ರಾಬಿನ್ ಬಂದು ಮಾರು ದೂರದಲ್ಲಿ ಕೂತಿತು. ಕಾಡುಹಂದಿಗಳು ನೆಲ ಕೆದಕುತ್ತಿದ್ದ ಕಾಲದಲ್ಲಿ ಅವುಗಳ ಹಿಂದೆ ಹಿಂದೆ ಹೋಗುತ್ತಿದ್ದ ಹಕ್ಕಿ ಇದು ಅನ್ನುತ್ತಾರೆ. ಈಗ ಮಣ್ಣು ಅಗೆಯುವವರ ಹಿಂದೆ ಬರುತ್ತದೆ. ನಾನು ಗೆಡ್ಡೆ ಎತ್ತಿದ ಗುಂಡಿಗೆ ಇಳಿದು ಒಂದು ಎರೆಹುಳು ಎಳೆದುಕೊಂಡು, ಬೇಲಿ ದಾಟಿ ಆಚೆ ಹೋಯಿತು. ನಾನು ಆರನೆಯ ಗೆಡ್ಡೆಗೆ ಕೈ ಹಾಕಿದೆ.

ನಮಸ್ಕಾರ.