90ನೇ ದಿನದ ಫೋನು | ಸ್ಟ್ರೋಕ್ ಸಂಶೋಧಕಿಯ ಒಂದು ದಿನ

ಬೆಳಿಗ್ಗೆ ಏಳೂವರೆ, ಕಾರಿಡಾರ್ ಖಾಲಿ. ರೌಂಡ್ಸ್ ತೋರಿಸುವುದಿಲ್ಲ, ರೋಗಿಗಳ ಮುಖ ಕ್ಯಾಮೆರಾಗೆ ಬರಬಾರದು. ಹಾಗಾಗಿ ನಿಮಗೆ ಸಿಗುವುದು ನನ್ನ ಮೇಜು, ಈ ಫೋನು, ಜೊತೆಗೆ ನನ್ನ ಗೊಣಗಾಟ.

ಸ್ಟ್ರೋಕ್ ಮೇಲೆ ಕೆಲಸ ಅಂದರೆ ಅರ್ಧ ಜನ "ಓ, ಹಾರ್ಟ್ ಡಾಕ್ಟರಾ?" ಅನ್ನುತ್ತಾರೆ. ಅಲ್ಲಪ್ಪಾ, ಲಕ್ವ ಹೊಡೆಯಿತು ಅಂತೀವಲ್ಲ, ಅದು. ಮೆದುಳಿನದು. ಹೆಚ್ಚಾಗಿ ಅಲ್ಲಿನ ರಕ್ತನಾಳಕ್ಕೆ ಹೆಪ್ಪು ಅಡ್ಡ ಕೂತು ಆಗುವುದು.

ಸ್ಕ್ರೀನ್ ಮೇಲಿರುವುದು ಪಾಠಕ್ಕೆ ಇಟ್ಟುಕೊಂಡ ಸಿಟಿ ಸ್ಕ್ಯಾನ್. ಶುರುವಿನ ಗಂಟೆಗಳಲ್ಲಿ ತೆಗೆದರೆ ಬಹಳ ಸಲ ಇದರಲ್ಲಿ ಏನೂ ಕಾಣುವುದಿಲ್ಲ. ಬೋರು ಚಿತ್ರ. ಆದರೆ ಒಳಗೆ ರಕ್ತಸ್ರಾವ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳದೆ ಹೆಪ್ಪು ಕರಗಿಸುವ ಮದ್ದು ಕೊಟ್ಟರೆ ಜೀವಕ್ಕೇ ಕುತ್ತು. ಸರಿ, ಬೋರು ಅಂದದ್ದು ವಾಪಸ್.

ಆ ಮದ್ದು ಕೆಲಸ ಮಾಡುತ್ತದೆ ಅಂತ ಗೊತ್ತಾದದ್ದು 1995ರಲ್ಲಿ. ಆಗ ಗಡುವು ಸ್ಟ್ರೋಕ್ ಶುರುವಾದ ಮೇಲೆ 3 ಗಂಟೆ. ಅದು ನಾಲ್ಕೂವರೆ ಗಂಟೆಗೆ ಬಂದದ್ದು 2008ರಲ್ಲಿ. ಒಂದೂವರೆ ಗಂಟೆ ಗಿಟ್ಟಿಸಲು 13 ವರ್ಷ! 2015ರ ಹೊತ್ತಿಗೆ ರಕ್ತನಾಳದೊಳಗೆ ನಳಿಕೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುವುದು ಗೆದ್ದಿತು.

ನಾನು ಶುರು ಮಾಡಿದ್ದು ಲ್ಯಾಬಲ್ಲಿ, ಇಲಿಗಳ ಜೊತೆ. 2006ರಲ್ಲಿ ಯಾರೋ ಕೂತು ಎಣಿಸಿದ್ದರು, ಸ್ಟ್ರೋಕಿಗೆ ಅಂತ ಪ್ರಯೋಗ ಮಾಡಿದ ಚಿಕಿತ್ಸೆಗಳು 1,026. ಇಲಿಯಲ್ಲಿ ಗೆದ್ದವು ಮನುಷ್ಯರ ಹತ್ತಿರ ಬಂದಾಗ ಒಂದಾದ ಮೇಲೊಂದು ಮಕಾಡೆ ಮಲಗಿದವು. ಅಯ್ಯೋ, ಎಲ್ಲಿಗೋ ಹೋದೆ. ಫೋನ್!

ಹೊಸ ಮದ್ದಿನ ಹಣೆಬರಹ ಬರೆಯುವುದು ಹೆಚ್ಚಾಗಿ ಒಂದೇ ಅಂಕೆ. ಸ್ಟ್ರೋಕ್ ಆದ 90ನೇ ದಿನ ರೋಗಿ ಹೇಗಿದ್ದಾರೆ? ರ್‍ಯಾಂಕಿನ್ ಸ್ಕೇಲ್ ಅಂತಾರೆ. 0 ಅಂದರೆ ಯಾವ ತೊಂದರೆಯೂ ಇಲ್ಲ, 6 ಅಂದರೆ ತೀರಿಕೊಂಡರು. ಕೇಳುವುದು ಫೋನಲ್ಲಿ. ಎತ್ತಬೇಕಲ್ಲ! ಗೊತ್ತಿಲ್ಲದ ನಂಬರ್ ಅಂದರೆ ಕಟ್. ನಿನ್ನೆ ಒಬ್ಬರು "ಸಾಲ ಬೇಡಮ್ಮ" ಅಂತ ಇಟ್ಟೇಬಿಟ್ಟರು.

ಕಳೆದ ವಾರ ಒಬ್ಬರು ಸಿಕ್ಕಿದರು. "ಒಬ್ಬರೇ ನಡೀತೀರಾ?" "ಓ, ಆರಾಮಾಗಿ." ಪೆನ್ನು 3ರ ಮೇಲಿತ್ತು. ಹಿಂದಿನಿಂದ ಹೆಂಡತಿ, "ಎಲ್ಲಿ ನಡೀತಾರೆ, ನಾನು ಹಿಡ್ಕೊಂಡ್ರೆ ಉಂಟು." ಹಾಗಾದರೆ 4. ಅಷ್ಟರಲ್ಲೇ ಆಕೆ, "ಆ ಹೊಸ ಇಂಜೆಕ್ಷನ್ ಕೊಟ್ರೂ ಹೀಗೇ ಆಯ್ತಲ್ಲಮ್ಮ." ಮುಗಿಯಿತು! ನಮ್ಮ ಪ್ರಯೋಗದಲ್ಲಿ ಯಾರಿಗೆ ಯಾವ ಮದ್ದು ಅಂತ ಅಂಕೆ ಹಾಕುವವರಿಗೆ ಗೊತ್ತಾಗಬಾರದು. ನಾನು ಹಾಕಿದ 4 ಇನ್ನು ಲೆಕ್ಕಕ್ಕಿಲ್ಲ. ಬೇರೆಯವರು ಮತ್ತೆ ಫೋನ್ ಮಾಡಬೇಕಾಯಿತು, ಅದೇ ಪ್ರಶ್ನೆ, ಮೊದಲಿಂದ. ಸಿಟ್ಟು ಬಂತು. ಯಾರ ಮೇಲೆ ಅಂತ ಸಿಟ್ಟಾಗುವುದು? ಆಕೆ ಸುಮ್ನೆ ನೋವು ಹೇಳಿಕೊಂಡದ್ದು, ಅಲ್ವಾ?

ಇಲ್ಲಿ ಡಯಲ್ ಮಾಡುತ್ತಿರುವುದು ಏಳನೇ ಸಲ. ಶಾಟ್ ಇಲ್ಲಿಗೇ ನಿಲ್ಲುತ್ತದೆ. ಎತ್ತಿದರು, ಕ್ಯಾಮೆರಾ ಆಫ್ ಮಾಡಿದೆ.