ಬಟ್ಟೆ ಅವರದು, ಹೊಲಿಗೆ ನಮ್ಮದು

ನಮಸ್ಕಾರ. ಈಗ ನೀವು ನೋಡುತ್ತಿರುವುದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಒಂದು ಸಣ್ಣ ಊರಿನ ಸಮುದಾಯ ಭವನ. ಮೇಜಿನ ಮೇಲೆ ಹಳೇ ಬಟ್ಟೆಯ ರಾಶಿ. ಗಂಡನ ಅಂಗಿ, ಮಕ್ಕಳ ಯೂನಿಫಾರ್ಮ್, ತೂತು ಬಿದ್ದ ಉಣ್ಣೆ ಕಂಬಳಿ. ಎಲ್ಲವೂ ನನ್ನ ಹತ್ತಿರ ಕೌದಿ, ಅಂದರೆ ಹಳೇ ಬಟ್ಟೆಯ ತುಂಡು ಜೋಡಿಸಿ ಹೊಲಿಯುವ ಹೊದಿಕೆ, ಕಲಿಯಲು ಬಂದವರ ಮನೆಯದೇ.

ಹೊರದೇಶದಲ್ಲಿ ಕಲಿಸಲು ಹೋಗುವವರು ಸಾಮಾನ್ಯವಾಗಿ ಪೆಟ್ಟಿಗೆ ತುಂಬ ಸಾಮಾನು ಹೊರುತ್ತಾರೆ. ನನ್ನ ಮಾತು ಕೇಳಿ, ಅದು ಬೇಡ. ಇಲ್ಲಂತೂ ಒಣಗಿದ ಎಲೆ, ಬೀಜ, ತೊಗಟೆ ಏನಿದ್ದರೂ ವಿಮಾನ ನಿಲ್ದಾಣದಲ್ಲಿ ಬರೆದುಕೊಟ್ಟು ತೋರಿಸಬೇಕು. ಹಾಗಾಗಿ ಬಟ್ಟೆಗೆ ಬಣ್ಣ ಹಾಕಲು ಬಳಸುವ ಅಳಲೆಕಾಯಿ, ದಾಳಿಂಬೆ ಸಿಪ್ಪೆ ಧಾರವಾಡದಲ್ಲೇ ಉಳಿದವು. ಆದರೆ ನಿಜವಾದ ಕಾರಣ ಬೇರೆ. ಉಟ್ಟು ಸವೆದ ಬಟ್ಟೆಗೆ ಇನ್ನೊಂದು ಆಯುಸ್ಸು ಕೊಡುವುದೇ ಕೌದಿ, ಅಲ್ವಾ? ಅವರ ಕೌದಿಗೆ ಅವರು ಉಟ್ಟ ಬಟ್ಟೆಯೇ ಆಗಬೇಕು.

ಈ ನೆಲಕ್ಕೆ ಇದು ಹೊಸದೂ ಅಲ್ಲ. 1930ರ ದಶಕದ ಕಷ್ಟಕಾಲದಲ್ಲಿ ಇಲ್ಲಿನವರು ಹಿಟ್ಟಿನ ಚೀಲ, ದರ್ಜಿಗಳ ಸೂಟ್ ಬಟ್ಟೆಯ ಸ್ಯಾಂಪಲ್ ತುಂಡು ಸೇರಿಸಿ ಹೊದಿಕೆ ಹೊಲಿಯುತ್ತಿದ್ದರು. ಅದಕ್ಕೆ ವಾಗಾ ಅನ್ನುತ್ತಾರೆ. ಜಿಲಾಂಗ್ ಊರಿನ ಉಣ್ಣೆ ಮ್ಯೂಸಿಯಂನಲ್ಲಿ ಅಂಥವನ್ನು ಕಾಪಾಡಿ ಇಟ್ಟಿದ್ದಾರೆ.

ಒಬ್ಬರು ತಮ್ಮಜ್ಜನ ವಾಗಾ ತಂದಿದ್ದರು. ಒಳಗಿನ ಚೀಲದ ಮೇಲೆ ಗಿರಣಿಯ ಹೆಸರು ಮಸುಕಾಗಿ ಕಾಣುತ್ತಿತ್ತು. ಅದಕ್ಕೆ ಕತ್ತರಿ ಹಾಕಲು ಮನಸ್ಸು ಬರುವುದಿಲ್ಲ, ಬರಲೂಬಾರದು. ಅಕ್ಷರಗಳನ್ನು ಟಿಶ್ಯೂ ಕಾಗದದ ಮೇಲೆ, ನೀರಿಗೆ ಹರಡದ ಇಂಕಿನಲ್ಲಿ ಇಳಿಸಿಕೊಂಡೆವು. ಅಂಟಿನಂತೆ ಹಿಡಿಯುವ ಅಕ್ರಿಲಿಕ್ ಮೀಡಿಯಂಗೆ ಸ್ವಲ್ಪ ನೀರು ಬೆರೆಸಿ, ಕಾಗದವನ್ನು ಹತ್ತಿ ಬಟ್ಟೆಗೆ ಅಂಟಿಸಿದೆವು. ಪೂರ್ತಿ ಒಣಗಿದ ಮೇಲೆ ಸೂಜಿ ಹಾಕಿದರೂ ಹರಿಯುವುದಿಲ್ಲ. ಆದರೆ ಹೊಲಿಗೆ ಬಿಚ್ಚಿದರೆ ಕಾಗದದಲ್ಲಿ ತೂತು ಹಾಗೇ ಉಳಿಯುತ್ತದೆ. ಮೊದಲೇ ಜಾಗ ನೋಡಿಕೊಂಡು ಚುಚ್ಚಿ.

ಇನ್ನು ಈ ಪಾತ್ರೆ ನೋಡಿ. ಒಳಗಿರುವುದು ನೀಲಗಿರಿ ಎಲೆ. ಕೋಲಾರದ ಕಡೆಯ ತೋಪುಗಳಲ್ಲಿ ನೋಡಿರುತ್ತೀರಿ, ಅದರ ತವರು ಈ ದೇಶವೇ. ಎಲೆಗಳನ್ನು ಕಂಬಳಿ ತುಂಡಿನ ಮೇಲೆ ಹರಡಿ, ಕೋಲಿಗೆ ಬಿಗಿಯಾಗಿ ಸುತ್ತಿ, ದಾರ ಕಟ್ಟಿ, ಒಂದೆರಡು ಗಂಟೆ ಕುದಿಸುತ್ತೇವೆ. ಬಣ್ಣ ಕಚ್ಚಲು ಹಾಕುವ ಪಟಿಕ ಕೂಡ ಬೇಡ. ಉಣ್ಣೆ, ರೇಷ್ಮೆ ಆದರೆ ಕಿತ್ತಳೆ, ಇಟ್ಟಿಗೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಹತ್ತಿ ಅಷ್ಟು ಸುಲಭವಲ್ಲ, ಮೊದಲು ಸೋಯಾ ಹಾಲಿನಲ್ಲಿ ಅದ್ದಿ ಒಣಗಿಸಬೇಕು. ಈ ಪಾತ್ರೆಯನ್ನು ಆಮೇಲೆ ಅಡುಗೆಗೆ ಬಳಸಬೇಡಿ.

ಈಗ ಜೋಡಿಸುವ ಕೆಲಸ. ನಾನು ಕಲಿಸುವುದು ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರ ಪದ್ಧತಿ. ಅಂಚಿನಿಂದ ಶುರು ಮಾಡಿ, ತುಂಡಿಗೆ ತುಂಡು ಸೇರಿಸುತ್ತ, ಸುತ್ತಲೂ ಹೊಲಿಯುತ್ತ ನಡುವಿಗೆ ಬರುವುದು. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ಫೂಲಾ ಇಡಲೇಬೇಕು. ಫೂಲಾ ಇಲ್ಲದಿದ್ದರೆ ಕೌದಿ ಬತ್ತಲೆ ಅನ್ನುತ್ತಾರೆ ಅವರು. ಹೊರದೇಶದ ಕ್ವಿಲ್ಟ್ ಹೊಲಿಯುವವರಲ್ಲಿ ಈ ಪದ್ಧತಿ ಗೊತ್ತಿರುವವರು ಈಗ ಇದ್ದಾರೆ. ಆದರೆ ಹೊಲಿಗೆ ಮಾತ್ರ ಗೊತ್ತಿದ್ದು, ಅದು ಯಾರದ್ದು ಅಂತ ಗೊತ್ತಿಲ್ಲದಿದ್ದರೆ ನನಗೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಸೂಜಿಗೆ ದಾರ ಪೋಣಿಸುವ ಮೊದಲು ನಕ್ಷೆಯಲ್ಲಿ ಯಲ್ಲಾಪುರ, ಹಳಿಯಾಳ, ಮುಂಡಗೋಡ ತೋರಿಸುತ್ತೇನೆ. ಆಫ್ರಿಕಾ ಮೂಲದ ಈ ಜನ ಶತಮಾನಗಳಿಂದ ನಮ್ಮವರು ಎಂದು ಹೇಳುತ್ತೇನೆ.

ಇಲ್ಲಿ ಯಾರದ್ದೂ ಪೂರ್ತಿ ಮುಗಿಯುವುದಿಲ್ಲ, ಮನೆಗೆ ಒಯ್ದು ಹೊಲಿಯುತ್ತಾರೆ. ನಾನು ಕೇಳಿಕೊಳ್ಳುವುದು ಒಂದೇ. ಹಿಂಬದಿಯಲ್ಲಿ ದಾರದಿಂದಲೇ ನಿಮ್ಮ ಹೆಸರು, ವರ್ಷ ಬರೆಯಿರಿ. ಕೆಳಗೆ 'ಸಿದ್ದಿ ಕೌದಿ ನೋಡಿ ಕಲಿತದ್ದು' ಅಂತಲೂ ಬರೆಯಿರಿ. ಇಂಗ್ಲಿಷಿನಲ್ಲಿ ಬರೆದರೂ ಸರಿ.