ಜೀವಿಯ ಪಕ್ಷ ವಹಿಸಿ

ಕೇಳುಗರಿಗೆ ನಮಸ್ಕಾರ. ಜೀವವಿಜ್ಞಾನದಲ್ಲಿ ಹೊಸ ಸಂಗತಿಗಳು ಹೇಗೆ ಪತ್ತೆಯಾಗುತ್ತವೆ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಒಪ್ಪಿತವಾದ ನಿಯಮಕ್ಕೂ ಕಣ್ಣೆದುರಿನ ಜೀವಿಗೂ ತಕರಾರು ಬಂದಾಗ ಜೀವಿಯ ಪಕ್ಷ ವಹಿಸಿ. ದೊಡ್ಡ ಶೋಧಗಳನ್ನೆಲ್ಲ ‘ಅದೃಷ್ಟ’ ಎಂದು ಹೇಳಿ ಮುಗಿಸುವ ರೂಢಿಯೊಂದಿದೆ. ಅದನ್ನು ಕೇಳಿದಾಗಲೆಲ್ಲ ನನಗೆ ಸ್ವಲ್ಪ ಅಸಹನೆಯಾಗುತ್ತದೆ.

1961ರ ಬೇಸಿಗೆಯಲ್ಲಿ ಜಪಾನಿನ ರಸಾಯನವಿಜ್ಞಾನಿ ಒಸಾಮು ಶಿಮೊಮುರಾ ಅವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಫ್ರಾಂಕ್ ಜಾನ್ಸನ್ ಅವರೊಂದಿಗೆ ಅಮೆರಿಕದ ವಾಯವ್ಯ ತುದಿಯಲ್ಲಿರುವ ಫ್ರೈಡೇ ಹಾರ್ಬರ್‌ನ ಸಮುದ್ರ ಪ್ರಯೋಗಾಲಯಕ್ಕೆ ಹೋದರು. ಅಲ್ಲಿಯ ಒಂದು ಜಾತಿಯ ಅಂಬಲಿ ಮೀನನ್ನು (ಜೆಲ್ಲಿಫಿಶ್) ಕೆಣಕಿದರೆ, ಕೊಡೆಯಂತಿರುವ ಅದರ ಮೈಯ ಅಂಚಿನಲ್ಲಿ ಹಸಿರು ಬೆಳಕು ಕಾಣಿಸುತ್ತದೆ. ಜೀವಿ ಬೆಳಗಬೇಕಾದರೆ ಲೂಸಿಫೆರಿನ್ ಎಂಬ ವಸ್ತುವೂ ಅದರ ಮೇಲೆ ಕೆಲಸ ಮಾಡುವ ಲೂಸಿಫರೇಸ್ ಎಂಬ ಕಿಣ್ವವೂ ಬೇಕು ಎಂಬುದು ಆಗ ಎಲ್ಲರೂ ನಂಬಿದ್ದ ನಿಯಮ. ಇಬ್ಬರೂ ಮೀನಿನ ಅಂಚನ್ನು ಕತ್ತರಿಯಿಂದ ಉಂಗುರವಾಗಿ ಕತ್ತರಿಸಿ, ಬಟ್ಟೆಯಲ್ಲಿ ಹಿಂಡಿ, ಆ ರಸದಲ್ಲಿ ಇವೆರಡನ್ನು ಹುಡುಕಿದರು, ಎರಡೂ ಸಿಗಲಿಲ್ಲ. ಲೂಸಿಫೆರಿನ್ನಿನ ಮಾತು ಬಿಡೋಣ, ಬೆಳಗುವ ವಸ್ತು ಯಾವುದೇ ಇರಲಿ, ಅದನ್ನೇ ಬೇರ್ಪಡಿಸೋಣ ಎಂದರು ಶಿಮೊಮುರಾ. ಜಾನ್ಸನ್ ಒಪ್ಪಲಿಲ್ಲ. ಹೀಗಾಗಿ ಒಂದೇ ಕೋಣೆಯಲ್ಲಿ ಇಬ್ಬರೂ ಬೇರೆ ಬೇರೆ ಕೆಲಸ ಮಾಡಬೇಕಾಯಿತು.

ಶಿಮೊಮುರಾ ಸಣ್ಣ ದೋಣಿಯೊಂದರಲ್ಲಿ ಒಬ್ಬರೇ ಕುಳಿತು ಯೋಚಿಸುತ್ತಿದ್ದರು. ಬೆಳಕಿನ ಹಿಂದೆ ಪ್ರೋಟೀನ್ ಇರುವುದಾದರೆ ಆಮ್ಲವು ಅದನ್ನು ತಾತ್ಕಾಲಿಕವಾಗಿ ತಡೆದು ನಿಲ್ಲಿಸಬೇಕು ಎಂದು ಅವರಿಗೆ ಹೊಳೆಯಿತು. ಆಮ್ಲ ಬೆರೆಸಿ ನೋಡಿದರೆ ರಸ ನಿಜವಾಗಿಯೂ ಕತ್ತಲಾಯಿತು; ಆಮ್ಲವನ್ನು ತಟಸ್ಥಗೊಳಿಸಿದಾಗ ಬೆಳಕು ಮಂದವಾಗಿ ಮರಳಿತು. ಆ ರಸವನ್ನು ಸಿಂಕಿಗೆ ಚೆಲ್ಲಿದ ಕ್ಷಣದಲ್ಲಿ ಸಿಂಕಿನೊಳಗೆಲ್ಲ ನೀಲಿ ಬೆಳಕು ಝಗ್ಗನೆ ಹೊತ್ತಿತು! ಜಲಜೀವಿಗಳನ್ನು ಇಟ್ಟಿದ್ದ ತೊಟ್ಟಿಯಿಂದ ತುಂಬಿ ಹರಿದ ಸಮುದ್ರದ ನೀರು ಆ ಸಿಂಕಿಗೇ ಬಂದು ಬೀಳುತ್ತಿತ್ತು, ಮತ್ತು ಆ ನೀರಿನಲ್ಲಿದ್ದ ಕ್ಯಾಲ್ಸಿಯಂ ಬೆಳಕನ್ನು ಹೊತ್ತಿಸಿತ್ತು. ಬೆಳಕಿಗೆ ಬೇಕಾದುದನ್ನೆಲ್ಲ ಈ ಜೀವಿ ಇಕ್ವೊರಿನ್ ಎಂಬ ಒಂದೇ ಪ್ರೋಟೀನಿನಲ್ಲಿ ಮೊದಲೇ ಕೂಡಿಟ್ಟಿರುತ್ತದೆ. ಕ್ಯಾಲ್ಸಿಯಂ ತಗುಲಿದರೆ ಸಾಕು.

ಇದನ್ನು ಅದೃಷ್ಟ ಎನ್ನುವವರು ದಯವಿಟ್ಟು ಗಮನಿಸಬೇಕು: ಬೆಳಗುವ ವಸ್ತುವನ್ನು ಆಮ್ಲದಿಂದ ತಡೆದು ಉಳಿಸಿಕೊಂಡಿರದಿದ್ದರೆ ಸಿಂಕಿನಲ್ಲಿ ಹೊತ್ತಿಕೊಳ್ಳಲು ಏನೂ ಇರುತ್ತಿರಲಿಲ್ಲ. ನಿಯಮವನ್ನು ಬದಿಗಿಟ್ಟು ಜೀವಿಯನ್ನು ನಂಬಿದ್ದರಿಂದಲೇ ಅವರು ಆ ಹಂತಕ್ಕೆ ಬಂದಿದ್ದರು.

ಇಕ್ವೊರಿನ್ ಶುದ್ಧೀಕರಿಸುವಾಗ, ನೇರಳಾತೀತ ಕಿರಣ ಬಿದ್ದರೆ ಹಸಿರಾಗಿ ಬೆಳಗುವ ಇನ್ನೊಂದು ಪ್ರೋಟೀನ್ ಜೊತೆಯಲ್ಲಿ ಸಿಕ್ಕಿತು; ಜೀವಿಯ ಮೈಯಲ್ಲಿ ಇಕ್ವೊರಿನ್ನಿನ ನೀಲಿಯನ್ನು ಹಸಿರಾಗಿಸುವುದು ಇದೇ. ಅಂಬಲಿ ಮೀನಿನ ಇತರ ಕಿಣ್ವಗಳ ನೆರವಿಲ್ಲದೆ ಅದು ಬೆಳಗಲಾರದೆಂದು ಹಲವರು ಎಣಿಸಿದ್ದರು. 1994ರಲ್ಲಿ ಅಮೆರಿಕದ ಜೀವವಿಜ್ಞಾನಿ ಮಾರ್ಟಿನ್ ಚಾಲ್ಫಿ ಅವರ ತಂಡ ಆ ಪ್ರೋಟೀನಿನ ಜೀನನ್ನು ಬ್ಯಾಕ್ಟೀರಿಯಾಕ್ಕೂ ಪುಟ್ಟ ಹುಳುವಿಗೂ ಸೇರಿಸಿದಾಗ ಎರಡೂ ಹಸಿರಾಗಿ ಬೆಳಗಿದವು. ನೋಡಿ, ಮತ್ತೆ ಗೆದ್ದದ್ದು ಜೀವಿಯೇ. 2008ರಲ್ಲಿ ಶಿಮೊಮುರಾ, ಚಾಲ್ಫಿ ಇಬ್ಬರಿಗೂ, ಈ ಪ್ರೋಟೀನನ್ನು ಬೇರೆ ಬಣ್ಣಗಳಲ್ಲೂ ಬೆಳಗಿಸಿದ ರೋಜರ್ ಚಿಯೆನ್ ಅವರಿಗೂ ರಸಾಯನವಿಜ್ಞಾನದ ನೊಬೆಲ್ ದೊರೆಯಿತು. ಇಂದು ನಮ್ಮಂಥ ಆಣ್ವಿಕ ಜೀವವಿಜ್ಞಾನಿಗಳು ನಮಗೆ ಬೇಕಾದ ಪ್ರೋಟೀನಿಗೆ ಈ ಹಸಿರನ್ನು ಅಂಟಿಸಿ ಸೂಕ್ಷ್ಮದರ್ಶಕದಡಿ ಇಡುತ್ತೇವೆ. ಕೋಶ ಇಬ್ಭಾಗವಾಗುವ ಹೊತ್ತಿಗೆ ಎರಡು ತುದಿಗಳಿಂದ ಹಸಿರು ಎಳೆಗಳು ಚಾಚಿ ಬಂದು ವರ್ಣತಂತುಗಳನ್ನು ಹಿಡಿದು ಅತ್ತಿತ್ತ ಎಳೆಯುವುದನ್ನು, ಕೋಶವನ್ನು ಕೊಲ್ಲದೆಯೇ ನೋಡಬಹುದು. ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ.

ಈ ಕಥೆ ನನಗೆ ತೀರಾ ಪ್ರಿಯವಾದುದರಿಂದ ಸಮಯವನ್ನೆಲ್ಲ ಅದೇ ನುಂಗಿತು. ಜೀವಿಯ ಪಕ್ಷ ವಹಿಸಿದ ಇನ್ನೊಬ್ಬರು, ಅಮೆರಿಕದ ತಳಿವಿಜ್ಞಾನಿ ಬಾರ್ಬರಾ ಮೆಕ್ಲಿಂಟಾಕ್ ಅವರ ಬಗ್ಗೆ ಎರಡೇ ಮಾತು: ಜೀನುಗಳು ವರ್ಣತಂತುವಿನ ಮೇಲೆ ತಮ್ಮ ಜಾಗ ಬಿಟ್ಟು ಕದಲವು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಅವರು ಮೆಕ್ಕೆಜೋಳದ ಕಾಳುಗಳ ಮೇಲಿನ ಬಣ್ಣದ ಚುಕ್ಕೆಗಳನ್ನೇ ನಂಬಿ, ಡಿಎನ್‌ಎಯ ಕೆಲವು ತುಣುಕುಗಳು ಜಿಗಿದಾಡುತ್ತವೆ ಎಂದು ತೋರಿಸಿದರು. ಅವರಿಗೆ ನೊಬೆಲ್ ಬಂದದ್ದು 1983ರಲ್ಲಿ. ಮನುಷ್ಯನ ಡಿಎನ್‌ಎಯಲ್ಲಿ ಸುಮಾರು ಅರ್ಧದಷ್ಟು ಅಂಥ ತುಣುಕುಗಳಿಂದಲೇ ಬಂದದ್ದು ಎಂಬುದು ಈಗ ನಮಗೆ ಗೊತ್ತಾಗಿದೆ. ನಮಸ್ಕಾರ.